ಕಡಿಮೆ ಖರ್ಚಿನ ಪೋರ್ಟ್ರೇಟ್: ಹಿಂದಿನ ದೀಪಗಳು ದೊಡ್ಡ ಬಿಲ್ಲೆಗಳಾಗಿ ಅರಳಲು ಏನು ಮಾಡಬೇಕು?

ಸಂಜೆಬಣ್ಣ (ಪ್ರಶ್ನೆ)

ಕೈಯಲ್ಲಿರುವುದು ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ, ಅದರ ಜೊತೆ ಬಂದ 18–55 ಕಿಟ್ ಲೆನ್ಸ್. ಮುಖ ಚೊಕ್ಕವಾಗಿ ಕಾಣಬೇಕು, ಹಿಂದೆ ದೀಪಗಳು ದುಂಡು ಬಿಲ್ಲೆಗಳಾಗಿ ಅರಳಬೇಕು. ಅಂಥ ಪೋರ್ಟ್ರೇಟ್ ತೆಗೆಯಬೇಕಿದೆ.

ಈಗಿನ ಏರ್ಪಾಡು: ಕೋಣೆಯ ಉದ್ದ 5 ಮೀಟರ್. 10 ಮೀಟರಿನ ಎಲ್‌ಇಡಿ ಸೀರಿಯಲ್ ಸೆಟ್, 100 ದೀಪ, ಬಿಳಿ ಗೋಡೆಗೆ ಅಂಟಿಸಿದೆ. ಕೂರುವವರು ಗೋಡೆಯಿಂದ ಅರ್ಧ ಮೀಟರ್ ಮುಂದೆ, ಕ್ಯಾಮೆರಾ ಅವರಿಂದ 2 ಮೀಟರ್ ದೂರ. ಸೆಟ್ಟಿಂಗ್ 55 ಮಿ.ಮೀ., ಎಫ್ 5.6, ಶಟರ್ 1/200 ಸೆಕೆಂಡ್, ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 6400.

ಫಲಿತಾಂಶದಲ್ಲಿ ದೀಪಗಳು ಸಾಸಿವೆ ಕಾಳಿನಷ್ಟೇ ಇವೆ. ಗೋಡೆಯ ಮೇಲೆ ನೆರಳು ಬೀಳುತ್ತಿದೆ. ಒಂದು ಫ್ರೇಮಿನಲ್ಲಿ ಉರಿಯುವ ದೀಪ ಮುಂದಿನದರಲ್ಲಿ ಇರುವುದೇ ಇಲ್ಲ. ಕಿಟ್ ಲೆನ್ಸಿನಲ್ಲೇ ಇದನ್ನು ಸರಿಮಾಡಬಹುದೇ? ಒಂದೇ ಒಂದು ವಸ್ತು ಕೊಳ್ಳಬಹುದು ಅಂದರೆ ಯಾವುದನ್ನು ಕೊಳ್ಳಬೇಕು?

ಮಸೂರ

ಎಫ್ ನಂಬರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಲೆನ್ಸಿನ ತೂತು ಎಷ್ಟು ಮಿಲಿಮೀಟರ್ ಅಗಲ ಅನ್ನುವುದನ್ನು ನೋಡಿ. ಫೋಕಲ್ ಲೆಂತ್ (ಲೆನ್ಸಿನ ಮಿ.ಮೀ. ಸಂಖ್ಯೆ) ಅನ್ನು ಎಫ್ ನಂಬರಿನಿಂದ ಭಾಗಿಸಿದರೆ ಅದು ಸಿಗುತ್ತದೆ. ನಿಮ್ಮದು 55 ಭಾಗಿಸು 5.6, ಅಂದರೆ 10 ಮಿ.ಮೀ.ಗೆ ಚೂರು ಕಡಿಮೆ.

ಈಗ ಮುಖ್ಯ ಲೆಕ್ಕ. ಹಿಂದಿನ ದೀಪ ತೀರಾ ದೂರ ಇದ್ದರೆ, ಅದರ ಬಿಲ್ಲೆ ಮುಖದ ಪಕ್ಕದಲ್ಲಿ ಸರಿಯಾಗಿ ಆ ತೂತಿನಷ್ಟೇ ಅಗಲ ಕಾಣುತ್ತದೆ. 10 ಮಿ.ಮೀ. ತೂತಾದರೆ, ಕೆನ್ನೆಯ ಪಕ್ಕ 10 ಮಿ.ಮೀ.ನ ಬೊಟ್ಟು ಅಂಟಿಸಿದರೆ ಎಷ್ಟು ಕಾಣುತ್ತದೋ ಅಷ್ಟು. ದೀಪ ಹತ್ತಿರ ಇದ್ದರೆ ಅದರಲ್ಲೂ ಒಂದು ಪಾಲು ಮಾತ್ರ ಸಿಗುತ್ತದೆ. ಮುಖದಿಂದ ದೀಪಕ್ಕಿರುವ ದೂರವನ್ನು ಕ್ಯಾಮೆರಾದಿಂದ ದೀಪಕ್ಕಿರುವ ದೂರದಿಂದ ಭಾಗಿಸಿದರೆ ಆ ಪಾಲು ಗೊತ್ತಾಗುತ್ತದೆ.

ನಿಮ್ಮ ಕೋಣೆಯಲ್ಲಿ ಅದು 0.5 ಭಾಗಿಸು 2.5, ಅಂದರೆ ಐದರಲ್ಲಿ ಒಂದು. 10 ಮಿ.ಮೀ.ನಲ್ಲಿ ಐದನೇ ಒಂದು ಪಾಲು 2 ಮಿ.ಮೀ. ಸಾಸಿವೆ ಕಾಳು ಅಂದಿರಲ್ಲ, ಅಳತೆ ಸರಿಯಾಗಿಯೇ ಇದೆ.

ಹಾಗಾಗಿ ಮೊದಲು ಜಾಗ ಬದಲಿಸಿ. ಕ್ಯಾಮೆರಾವನ್ನು ಎದುರಿನ ಗೋಡೆಗೆ ಒತ್ತಿ ನಿಲ್ಲಿಸಿ, ಕೂರುವವರನ್ನು ಅದರಿಂದ 1.2 ಮೀಟರ್ ದೂರಕ್ಕೆ ಕರೆತನ್ನಿ. ಕ್ಯಾಮೆರಾ ನಿಲ್ಲಲು 20 ಸೆಂ.ಮೀ. ಕಳೆದರೂ ಅವರ ಹಿಂದೆ 3.6 ಮೀಟರ್ ಉಳಿಯುತ್ತದೆ. 3.6 ಭಾಗಿಸು 4.8, ಅಂದರೆ ಮುಕ್ಕಾಲು ಪಾಲು. ಅದೇ ಕಿಟ್ ಲೆನ್ಸಿನಲ್ಲಿ ಬಿಲ್ಲೆ 2ರಿಂದ 7 ಮಿ.ಮೀ. ದಾಟುತ್ತದೆ, ಒಂದು ಪೈಸೆ ಖರ್ಚಿಲ್ಲದೆ. ಇನ್ನೂ ಹತ್ತಿರ ಹೋಗುವ ಆಸೆಯಾಗುತ್ತದೆ, ಬೇಡ. 1 ಮೀಟರಿಗಿಂತ ಒಳಗೆ ಹೋದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಕಾಣಲು ಶುರುವಾಗುತ್ತದೆ. ಮುಖದಿಂದ ದೀಪಕ್ಕೆ, ಕ್ಯಾಮೆರಾದಿಂದ ಮುಖಕ್ಕಿರುವ ದೂರದ ಮೂರು ಪಟ್ಟು ಸಿಕ್ಕರೆ ಸಾಕು. ಅದಕ್ಕಿಂತ ಎಷ್ಟೇ ಹಿಂದೆ ಸರಿಸಿದರೂ ಸಿಗುವುದು ಉಳಿದ ಕಾಲು ಪಾಲು ಮಾತ್ರ.

ಕೊಳ್ಳುವುದಾದರೆ 50 ಮಿ.ಮೀ. ಎಫ್ 1.8, ಸೆಕೆಂಡ್ ಹ್ಯಾಂಡ್ ಆದರೂ ಆದೀತು. ತೂತು 28 ಮಿ.ಮೀ. ಇದೇ ಕೋಣೆಯಲ್ಲಿ 21 ಮಿ.ಮೀ. ಬಿಲ್ಲೆ ಬರುತ್ತದೆ, ಕಿಟ್ ಲೆನ್ಸಿನ ಮೂರರಷ್ಟು.

ಕೊಳ್ಳುವ ಮುಂಚೆ ಎರಡು ವಿಷಯ ನೋಡಿ. ನಿಕಾನ್ ಡಿ3500, ಡಿ5600 ಥರದ ಬಾಡಿಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಅವಕ್ಕೆ 50 ಮಿ.ಮೀ. 1.8ಡಿ ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕು, ಎಎಫ್-ಎಸ್ 1.8ಜಿ ಆದರೆ ತಾನೇ ಮಾಡುತ್ತದೆ. ಕ್ಯಾನನ್‌ನಲ್ಲಾದರೆ ಹಳೆಯ 50 ಮಿ.ಮೀ. 1.8 II ಲೆನ್ಸಿಗೆ 5 ಬ್ಲೇಡ್ (ತೂತನ್ನು ಕಿರಿದು ಮಾಡುವ ಎಲೆಗಳು), ಹೊಸ 1.8 ಎಸ್‌ಟಿಎಂಗೆ 7 ಬಾಗಿದ ಬ್ಲೇಡ್. ಪೂರ್ತಿ ತೆರೆದಾಗ ಎರಡರಲ್ಲೂ ದುಂಡು ಬಿಲ್ಲೆಯೇ. ಎಫ್ 2.8ಕ್ಕೆ ಇಳಿಸಿದ ಕೂಡಲೇ ಹಳೆಯದರಲ್ಲಿ ಐದು ಮೂಲೆ ಎದ್ದು ಕಾಣುತ್ತದೆ.

ದೂರದೀಪ

ಮೇಲಿನ ಲೆಕ್ಕ ಪಕ್ಕಾ. ಒಂದೇ ಮಾತು ಸೇರಿಸುತ್ತೇನೆ. ಎಲ್ಲರೂ 50ರ ಕಡೆ ಕೈ ತೋರಿಸುತ್ತಾರೆ, ಮನೆಯಲ್ಲಿ ಮೂಲೆ ಸೇರಿರುವ 55–250 ಥರದ ಟೆಲಿಜೂಮ್ (ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್) ಯಾರಿಗೂ ನೆನಪಾಗುವುದಿಲ್ಲ. 200 ಮಿ.ಮೀ., ಎಫ್ 5.6ರಲ್ಲಿ ಅದರ ತೂತು 36 ಮಿ.ಮೀ.! 50ರ ಎಫ್ 1.8ಕ್ಕಿಂತ ದೊಡ್ಡದು. ತಲೆ ಮತ್ತು ಭುಜದ ಫ್ರೇಮಿಗೆ 5 ಮೀಟರ್ ದೂರ ನಿಲ್ಲಬೇಕಾಗುತ್ತದೆ, ಹಾಗಾಗಿ ನಿಮ್ಮ ಕೋಣೆಯಲ್ಲಿ ಆಗುವುದಿಲ್ಲ. ಹೊರಗಡೆ, ಬೀದಿದೀಪಗಳು ಕ್ಯಾಮೆರಾದಿಂದ 30 ಮೀಟರ್ ದೂರ ಇದ್ದರೆ, 30 ಮಿ.ಮೀ. ಬಿಲ್ಲೆ ಬರುತ್ತದೆ. ಬೆಳಕು ಮಾತ್ರ ಕಡಿಮೆ. ಕಪ್ಪಾದ ಮೇಲೆ ಹೋಗಬೇಡಿ. ಸೂರ್ಯ ಮುಳುಗಿ 20 ನಿಮಿಷದೊಳಗೆ ಮುಗಿಸಿಕೊಳ್ಳಿ. ಆಗ ಆಕಾಶದ ಬೆಳಕೇ ಮುಖಕ್ಕೆ ಸಾಕಾಗುತ್ತದೆ.

ಥರ್ಮಾಕೋಲ್

ಲೆನ್ಸಿನ ವಿಷಯ ಮುಗಿಯಿತು, ನಾನು ಬೆಳಕಿನ ಬಗ್ಗೆ ಬರೆಯುತ್ತೇನೆ. ಹೆಚ್ಚಿನವರು ಸೋಲುವುದು ಇಲ್ಲೇ.

ಮೊದಲು ಗೋಡೆ. ಬಿಳಿ ಗೋಡೆ ಮುಖದ ದೀಪದ ಬೆಳಕನ್ನೆಲ್ಲ ಹಿಡಿದು ಬೂದಿಬಣ್ಣಕ್ಕೆ ತಿರುಗುತ್ತದೆ, ಬಿಲ್ಲೆಗಳು ಅದರಲ್ಲಿ ಕರಗಿಹೋಗುತ್ತವೆ. ಕಡುಬಣ್ಣದ ಬೆಡ್‌ಶೀಟ್ ಇಳಿಬಿಡಿ. ಸುಕ್ಕಿದ್ದರೆ ಚಿಂತೆಯಿಲ್ಲ, ಅದೂ ಮಬ್ಬಾಗುತ್ತದೆ.

ಸೀರಿಯಲ್ ಸೆಟ್ ಹೇಗೆ ಕಟ್ಟಬೇಕು ಅನ್ನುವುದಕ್ಕೂ ಲೆಕ್ಕವಿದೆ. 50ರಲ್ಲಿ ಎಫ್ 1.8 ಇಟ್ಟು, ಮಸೂರ ಅವರು ಹೇಳಿದ ದೂರಗಳಲ್ಲಿ ತೆಗೆದರೆ, ಒಂದೊಂದು ಬಿಲ್ಲೆಯೂ ಗೋಡೆಯ ಮೇಲೆ ಸುಮಾರು 8.5 ಸೆಂ.ಮೀ. ಜಾಗ ತಿನ್ನುತ್ತದೆ. ನಿಮ್ಮ ದೀಪಗಳ ನಡುವೆ 10 ಸೆಂ.ಮೀ. ಅಂತರ ಇರುವುದರಿಂದ ಪಕ್ಕಪಕ್ಕದವು ಇನ್ನೇನು ಮುಟ್ಟಬೇಕು ಅನ್ನುವಂತಿರುತ್ತವೆ, ಚೆನ್ನಾಗಿರುತ್ತದೆ. 5 ಸೆಂ.ಮೀ. ಅಂತರದ ಸೆಟ್ ಆಗಿದ್ದರೆ ಒಂದರ ಮೇಲೊಂದು ಬಿದ್ದು ಬರೀ ಬೆಳಕಿನ ಪಟ್ಟಿ ಕಾಣುತ್ತಿತ್ತು. ಅಂಥದ್ದಕ್ಕೆ ಒಂದು ಬಿಟ್ಟು ಒಂದು ದೀಪಕ್ಕೆ ಕಪ್ಪು ಟೇಪ್ ಸುತ್ತಬೇಕು. ಎಲ್‌ಇಡಿಗೆ ಮಾತ್ರ ಹೀಗೆ ಮಾಡಿ, ತಂತಿ ಉರಿಯುವ ಹಳೆಯ ಸೆಟ್ ಬಿಸಿಯಾಗುತ್ತದೆ, ಅದಕ್ಕೆ ಟೇಪ್ ಸುತ್ತಬಾರದು.

ಕ್ಯಾಮೆರಾವನ್ನು ಲಂಬವಾಗಿ ಹಿಡಿದಾಗ ಆ ಗೋಡೆಯಲ್ಲಿ ಫ್ರೇಮಿಗೆ ಬೀಳುವುದು ಸುಮಾರು ಒಂದೂವರೆ ಮೀಟರ್ ಅಗಲ, ಎರಡು ಮೀಟರಿಗೆ ತುಸು ಮೇಲೆ ಎತ್ತರ. ನಿಮ್ಮ 10 ಮೀಟರ್ ವೈರನ್ನು 2 ಮೀಟರಿಗೆ ತುಸು ಕಡಿಮೆ ಉದ್ದದ ಐದು ಸಾಲು ಮಾಡಿ ಮೇಲಿಂದ ಇಳಿಬಿಡಿ, ಸಾಲಿನಿಂದ ಸಾಲಿಗೆ 30 ಸೆಂ.ಮೀ. ನೇರ ಗೆರೆ ಬೇಡ, ಅಲ್ಲಲ್ಲಿ ಓರೆ ಎಳೆದು ಟೇಪ್ ಹಾಕಿ. ಎಲ್‌ಇಡಿಯ ಬೆಳಕು ತುದಿಯಿಂದ ಮುಂದಕ್ಕೇ ಹೆಚ್ಚು ಬೀಳುತ್ತದೆ. ಗೋಡೆ ಕಡೆ ಮುಖ ಮಾಡಿದ ದೀಪಗಳನ್ನು ಒಂದೊಂದಾಗಿ ಕ್ಯಾಮೆರಾ ಕಡೆ ತಿರುಗಿಸಿ. ಬೇಜಾರಿನ ಕೆಲಸ, ಹತ್ತು ನಿಮಿಷ ಹಿಡಿಯುತ್ತದೆ. ಆದರೆ ಇದೊಂದರಿಂದಲೇ ಬಿಲ್ಲೆಗಳ ಹೊಳಪು ಎಷ್ಟೋ ಏರುತ್ತದೆ.

ಮುಖಕ್ಕೆ ಒಂದು 9 ವ್ಯಾಟ್ ಎಲ್‌ಇಡಿ ಬಲ್ಬ್ ಸಾಕು. ಅದನ್ನು ಮುಖದಿಂದ 60 ಸೆಂ.ಮೀ. ದೂರದಲ್ಲಿ, ಕಣ್ಣಿಗಿಂತ ಸ್ವಲ್ಪ ಮೇಲೆ, ಒಂದು ಪಕ್ಕಕ್ಕೆ ಇಡಿ. ಬಲ್ಬಿನ ಮುಂದೆ ಒಂದು ಗೇಣು ಬಿಟ್ಟು ಟ್ರೇಸಿಂಗ್ ಪೇಪರ್ ಹಿಡಿಯಿರಿ, ಎ3 ಅಳತೆಯದು. ಪೇಪರನ್ನು ಬಲ್ಬಿಗೇ ಸುತ್ತಿದರೆ ಬೆಳಕಿನ ಗಾತ್ರ ದೊಡ್ಡದಾಗುವುದಿಲ್ಲ, ನೆರಳಿನ ಅಂಚು ಗಡುಸಾಗಿಯೇ ಉಳಿಯುತ್ತದೆ. ಇನ್ನೊಂದು ಕೆನ್ನೆಯ ಕಡೆ ಬಿಳಿ ಥರ್ಮಾಕೋಲ್ ಶೀಟ್ ನಿಲ್ಲಿಸಿ. ದೀಪ ಹತ್ತಿರ ಇಡುವುದರಿಂದ ಇನ್ನೊಂದು ಲಾಭವಿದೆ. ಮುಖಕ್ಕೆ 60 ಸೆಂ.ಮೀ., ಹಿಂದಿನ ಗೋಡೆಗೆ 4.2 ಮೀಟರ್, ಅಂದರೆ ಏಳು ಪಟ್ಟು ದೂರ. ಗೋಡೆ ತಲುಪುವುದು ಮುಖದ ಬೆಳಕಿನ 50ರಲ್ಲಿ ಒಂದು ಪಾಲು ಮಾತ್ರ. ನೆರಳಿನ ಸಮಸ್ಯೆ ಅಲ್ಲಿಗೆ ಮುಗಿಯಿತು.

ಈಗ ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಅನ್ನುವುದು. ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಅಪರ್ಚರ್ (ಲೆನ್ಸಿನ ತೂತು) ತೆರೆದರೆ ಮುಖ ಬೆಳಗುತ್ತದೆ, ಬಿಲ್ಲೆ ಬೆಳಗುವುದಿಲ್ಲ. ಒಳಗೆ ಬರುವ ಬೆಳಕು ಎಷ್ಟು ಹೆಚ್ಚಿತೋ ಬಿಲ್ಲೆಯ ವಿಸ್ತೀರ್ಣವೂ ಅಷ್ಟೇ ಹೆಚ್ಚುತ್ತದೆ, ಹಾಗಾಗಿ ಅದರ ಹೊಳಪು ಇದ್ದಷ್ಟೇ ಇರುತ್ತದೆ. ಎಫ್ 5.6ರಿಂದ 1.8ಕ್ಕೆ ಬಂದಾಗ ಮುಖ ಸುಮಾರು ಹತ್ತು ಪಟ್ಟು ಬೆಳಗಿತು ಅಂತ ಐಎಸ್‌ಒ ಇಳಿಸುತ್ತೀರಿ, ಬಿಲ್ಲೆಗಳು ಆಗ ಹತ್ತರಲ್ಲಿ ಒಂದಕ್ಕೆ ಇಳಿದಿರುತ್ತವೆ. ಹೊಸ ಲೆನ್ಸ್ ಹಾಕಿದ ಮೇಲೆ ದೀಪಗಳು ಸಪ್ಪೆಯಾದವು ಅನ್ನುವವರಿಗೆಲ್ಲ ಆಗುವುದು ಇದೇ.

ಅದಕ್ಕೇ ಕ್ರಮ ತಿರುಗಿಸಿ. ಮೊದಲು ಮುಖದ ದೀಪ ಆರಿಸಿ. ಅಪರ್ಚರ್ ಪೂರ್ತಿ ತೆರೆದು, 1/100 ಇಟ್ಟು, ಬಿಲ್ಲೆಗಳ ಬಣ್ಣ ಚೆನ್ನಾಗಿ ಕಾಣುವವರೆಗೆ ಐಎಸ್‌ಒ ಏರಿಸಿ. ಬಿಲ್ಲೆಯ ನಡುಭಾಗ ಬಿಳಿಯಾಗಲು ಬಿಡಬೇಡಿ. ಆ ಸೆಟ್ಟಿಂಗ್ ಅಲ್ಲಿಗೇ ಬಿಟ್ಟುಬಿಡಿ. ಆಮೇಲೆ ಮುಖದ ದೀಪ ಹಚ್ಚಿ, ಅದನ್ನೇ ಹಿಂದೆ ಮುಂದೆ ಸರಿಸಿ ಮುಖದ ಬೆಳಕು ಹೊಂದಿಸಿ. ಹೆಚ್ಚಾದರೆ ಟ್ರೇಸಿಂಗ್ ಪೇಪರ್ ಇನ್ನೊಂದು ಪದರ ಹಾಕಿ. 50ರಲ್ಲಾದರೆ ಐಎಸ್‌ಒ 800ರ ಆಸುಪಾಸಿನಲ್ಲಿ ಎರಡೂ ಕೂಡಿಬರುತ್ತವೆ. ಕಿಟ್ ಲೆನ್ಸಿಗೆ 1/50 ಮತ್ತು ಐಎಸ್‌ಒ 3200 ಬೇಕಾಗಬಹುದು. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೋ ಪುಸ್ತಕದ ಅಟ್ಟಿಯ ಮೇಲೋ ಕೂರಿಸಿ, ಎದುರಿನವರಿಗೆ ಅಲ್ಲಾಡಬೇಡಿ ಅನ್ನಿ.

ದೀಪ ಮಾಯವಾಗುವುದಕ್ಕೆ ಕಾರಣ 1/200. ಮೇನ್ಸಿನಿಂದ ನಡೆಯುವ ಸೆಟ್ ಸೆಕೆಂಡಿಗೆ 100 ಸಲ, ಅಗ್ಗದ ಸೆಟ್ ಆದರೆ 50 ಸಲ ಆರಿ ಹೊತ್ತುತ್ತದೆ. ಶಟರ್ ತೆರೆದ ಗಳಿಗೆಯಲ್ಲಿ ಆರಿದ್ದರೆ ಕಪ್ಪು. ನಿಮ್ಮ ಕಡೆ ಕರೆಂಟು 50 ಹರ್ಟ್ಸ್ ಆದರೆ 1/100, ಅಗ್ಗದ ಸೆಟ್ಟಿಗೆ 1/50; 60 ಹರ್ಟ್ಸ್ ಆದರೆ 1/120, ಅಗ್ಗದ ಸೆಟ್ಟಿಗೆ 1/60. ಯುಎಸ್‌ಬಿ ಇಲ್ಲವೇ ಬ್ಯಾಟರಿಯ ಸೆಟ್‌ನಲ್ಲಿ, ಮಿನುಗುವ ಡಬ್ಬಿ ಇಲ್ಲದಿದ್ದರೆ, ಸಾಮಾನ್ಯವಾಗಿ ಈ ತೊಂದರೆ ಇರುವುದಿಲ್ಲ. ಅನುಮಾನ ಬಂದರೆ 1/500ರಲ್ಲಿ ಹತ್ತು ಫ್ರೇಮ್ ಹೊಡೆದು ನೋಡಿ, ಹೊಳಪು ಏರಿಳಿದರೆ ಸೆಟ್ ಮಿನುಗುತ್ತಿದೆ ಅಂತ ಅರ್ಥ. ಕ್ಯಾಮೆರಾದಲ್ಲಿ ಸೈಲೆಂಟ್ ಶಟರ್ ಇದ್ದರೆ ಆಫ್ ಮಾಡಿ, ಅದರಲ್ಲಿ ಅಡ್ಡ ಪಟ್ಟೆ ಬೀಳುತ್ತದೆ.

ಸಂಜೆಬಣ್ಣ

ಜಾಗ ಬದಲಿಸಿದ್ದಕ್ಕೇ ಚಿತ್ರ ಬೇರೆಯಾಯಿತು, ತುಂಬಾ ಧನ್ಯವಾದ. ಒಂದು 50 ಮಿ.ಮೀ. ಎಫ್ 1.8 ಎರಡು ದಿನಕ್ಕೆ ಸಿಕ್ಕಿದೆ. ಅದರಲ್ಲಿ ಮೂರು ತೊಂದರೆ ಕಾಣುತ್ತಿದೆ. ಫ್ರೇಮಿನ ಅಂಚಿನ ಬಿಲ್ಲೆಗಳು ದುಂಡಗಿಲ್ಲ, ಬಾದಾಮಿಯ ಹಾಗೆ ಉದ್ದವಾಗಿವೆ. ಕೆಲವು ಬಿಲ್ಲೆಗಳ ಒಳಗೆ ಚುಕ್ಕೆಗಳಿವೆ. ಹತ್ತರಲ್ಲಿ ಆರು ಫ್ರೇಮಿನಲ್ಲಿ ಕಣ್ಣು ಮಬ್ಬು, ಕಿವಿ ಚೊಕ್ಕ.

ಮಸೂರ

ಅಂಚಿನ ಬಾದಾಮಿ ನಿಮ್ಮ ತಪ್ಪಲ್ಲ. ಓರೆಯಾಗಿ ಬರುವ ಬೆಳಕಿಗೆ ಲೆನ್ಸಿನ ಕೊಳವೆಯೇ ಅಡ್ಡ ನಿಲ್ಲುತ್ತದೆ. ಖಾಲಿ ಲೋಟವನ್ನು ಓರೆಯಾಗಿ ಹಿಡಿದು ತಳ ನೋಡಿದರೆ ಹೇಗೆ ದುಂಡು ತಳ ಎಲೆಯಾಕಾರವಾಗಿ ಕಾಣುತ್ತದೋ ಹಾಗೆ. ಎಫ್ 2.5ಕ್ಕೆ ಇಳಿಸಿದರೆ ಸಾಕಷ್ಟು ಸರಿಹೋಗುತ್ತದೆ, ಬ್ಲೇಡಿನ ಮೂಲೆಗಳು ಬಂದೀತು ಅನ್ನುವ ಭಯವಿದ್ದರೆ ದೀಪಗಳನ್ನೇ ಫ್ರೇಮಿನ ನಡುಭಾಗಕ್ಕೆ ತನ್ನಿ, ಮುಖವನ್ನು ಒಂದು ಪಕ್ಕಕ್ಕೆ ಕೂರಿಸಿ.

ಚುಕ್ಕೆಗಳು ಲೆನ್ಸಿನ ಮೇಲಿನ ಧೂಳು. ಹಿಂದಿನ ಗಾಜನ್ನೂ ನೋಡಿ, ಅದನ್ನು ಯಾರೂ ಒರೆಸುವುದಿಲ್ಲ. ಬ್ಲೋವರ್‌ನಲ್ಲಿ ಊದಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ; ಬಾಯಿಂದ ಊದಿದರೆ ಎಂಜಲಿನ ಹನಿ ಕೂರುತ್ತದೆ. ಮುಂದೆ ಯುವಿ ಫಿಲ್ಟರ್ ಇದ್ದರೆ ತೆಗೆದಿಡಿ, ದೀಪಗಳ ಪ್ರತಿಬಿಂಬ ಅದರಲ್ಲಿ ಮರಳಿ ಬಿದ್ದು ಮಸುಕು ಹಸಿರು ಕಲೆಗಳಾಗಿ ಕಾಣುತ್ತದೆ. ಚುಕ್ಕೆಯ ಬದಲು ಈರುಳ್ಳಿ ಕೊಯ್ದ ಹಾಗೆ ಸುತ್ತುಸುತ್ತು ಗೆರೆಗಳಿದ್ದರೆ ಮಾತ್ರ ಅದು ಲೆನ್ಸಿನೊಳಗಿನ ಅಚ್ಚು ಹಾಕಿದ ಆಸ್ಫೆರಿಕಲ್ (ಪೂರ್ತಿ ಗೋಳಾಕಾರವಲ್ಲದ) ಗಾಜಿನದು, ಹೋಗುವುದಿಲ್ಲ.

ಫೋಕಸ್: 1.2 ಮೀಟರ್ ದೂರದಲ್ಲಿ, ಎಫ್ 1.8ಕ್ಕೆ, ಚೊಕ್ಕವಾಗಿರುವ ಆಳ ಒಟ್ಟು 4 ಸೆಂ.ಮೀ. ಕಣ್ಣಿನಿಂದ ಕಿವಿಗೆ ಅದರ ಎರಡರಷ್ಟು ದೂರವಿದೆ. ನಡುವಿನ ಪಾಯಿಂಟಿನಲ್ಲಿ ಫೋಕಸ್ ಹಿಡಿದು ಆಮೇಲೆ ಕ್ಯಾಮೆರಾ ತಿರುಗಿಸಿದರೆ 15 ಸೆಂ.ಮೀ. ತಿರುವಿಗೆ ಸುಮಾರು 1 ಸೆಂ.ಮೀ. ಅಲ್ಲೇ ಕಳೆಯಿತು, ಎದುರಿನವರು ಉಸಿರೆಳೆದು ಮುಂದೆ ಬಾಗಿದರೆ ಉಳಿದದ್ದೂ ಹೋಯಿತು. ಕಣ್ಣಿನ ಮೇಲೇ ಬೀಳುವ ಪಾಯಿಂಟನ್ನು ಆರಿಸಿಕೊಳ್ಳಿ, ಕ್ಯಾಮೆರಾಕ್ಕೆ ಹತ್ತಿರದ ಕಣ್ಣು. ಕೂರುವವರಿಗೆ ಒರಗುವ ಬೆನ್ನಿನ ಕುರ್ಚಿ ಕೊಡಿ. ಪ್ರತಿಸಲವೂ ಕಿವಿಯೇ ಚೊಕ್ಕ ಬರುತ್ತಿದ್ದರೆ ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆ ನೋಡುತ್ತ, ತೆಗೆದು ನೋಡಿ. ಅಲ್ಲಿ ಸರಿಬಂದರೆ ವ್ಯೂಫೈಂಡರಿನ ಫೋಕಸ್ ಹಿಂದಕ್ಕೆ ಬೀಳುತ್ತಿದೆ ಅಂತ ಅರ್ಥ. ಲೈವ್ ವ್ಯೂನಲ್ಲೇ ಮುಂದುವರಿಯಿರಿ.

ಹಳೆಗಾಜು

ಹೊಸ ಲೆನ್ಸ್ ಕೊಳ್ಳಿ ಅನ್ನುವುದಕ್ಕೆ ನನ್ನ ಅರ್ಧ ಒಪ್ಪಿಗೆ ಮಾತ್ರ. ಕೂತವರನ್ನು ನಿಧಾನವಾಗಿ ತೆಗೆಯುವವರಿಗೆ ಆಟೋಫೋಕಸ್ ಬೇಕಾಗಿಲ್ಲ. ಎಂ42 ತಿರುಪಿನ ಹಳೆಯ ಲೆನ್ಸುಗಳಿವೆ, ಸೋವಿಯತ್ ಕಾಲದ ಹೀಲಿಯೋಸ್ 44-2 ಅಂಥದ್ದು: 58 ಮಿ.ಮೀ., ಎಫ್ 2, ಎಂಟು ಬ್ಲೇಡ್, ತೂತು 29 ಮಿ.ಮೀ. ಅದರಲ್ಲಿ ಅಂಚಿನ ಬಾದಾಮಿಗಳು ಮುಖದ ಸುತ್ತ ಸುಳಿ ಹಾಕಿದಂತೆ ಕಾಣುತ್ತವೆ. ಅದಕ್ಕೋಸ್ಕರವೇ ಜನ ಅದನ್ನು ಹುಡುಕುತ್ತಾರೆ. ಕ್ಯಾನನ್ ಇಎಫ್‌ಗೂ ಎಲ್ಲಾ ಮಿರರ್‌ಲೆಸ್‌ಗೂ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾಗಳು) ಗಾಜಿಲ್ಲದ ಬರೀ ಲೋಹದ ಬಳೆಯಂಥ ಅಡಾಪ್ಟರ್ ಸಾಕು.

ನಿಕಾನ್ ಡಿಎಸ್‌ಎಲ್‌ಆರ್‌ಗೆ (ಕನ್ನಡಿ ಇರುವ ಕ್ಯಾಮೆರಾ) ಆಗುವುದಿಲ್ಲ ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಎಂ42 ಲೆನ್ಸ್ ಸೆನ್ಸರಿನಿಂದ 45.46 ಮಿ.ಮೀ. ದೂರ ಕೂರಬೇಕು, ನಿಕಾನ್ ಮೌಂಟ್ (ಲೆನ್ಸ್ ಕೂರುವ ಬಾಯಿ) ಇರುವುದೇ 46.5ರಲ್ಲಿ. ಆ ಒಂದು ಮಿಲಿಮೀಟರಿನಿಂದ ದೂರದ ಬೆಟ್ಟ ಫೋಕಸ್ ಆಗುವುದಿಲ್ಲ, ನಿಜ. ಆದರೆ 58 ಮಿ.ಮೀ. ಲೆನ್ಸಿನಲ್ಲಿ ಸುಮಾರು 3 ಮೀಟರ್ ತನಕ ಚೆನ್ನಾಗಿ ಫೋಕಸ್ ಆಗುತ್ತದೆ. ಪೋರ್ಟ್ರೇಟಿಗೆ ಅಷ್ಟು ಸಾಲದೇ? ಗಾಜು ಸೇರಿಸಿದ ಅಗ್ಗದ ಅಡಾಪ್ಟರ್ ಹಾಕಿ ಚಿತ್ರ ಹಾಳುಮಾಡಿಕೊಳ್ಳುವುದಕ್ಕಿಂತ ಇದೇ ಮೇಲು.

ಕೊಳ್ಳುವಾಗ ಅಪರ್ಚರ್ ತೆರೆದು ಹಿಂದಿನಿಂದ ಟಾರ್ಚ್ ಬಿಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಫಂಗಸ್, ಹಾಲಿನಂಥ ಮಬ್ಬು ಕಂಡರೆ ಹೇಜ್. ಎರಡಿದ್ದರೂ ಬೇಡ, ದೀಪದ ಎದುರು ಚಿತ್ರ ಪೂರ್ತಿ ಬಣ್ಣ ತೊಳೆದುಹೋದಂತೆ ಪೇಲವವಾಗುತ್ತದೆ. ಮುಂದಿನ ಗಾಜಿನ ಒಂದೆರಡು ಸಣ್ಣ ಗೀರಿಗೆ ಹೆದರಬೇಕಿಲ್ಲ. ಕ್ಯಾನನ್‌ನಲ್ಲಿ ಲೆನ್ಸ್ ಇಲ್ಲದೆ ಶಟರ್ ಬಿಡುವ ಆಯ್ಕೆಯನ್ನು ಮೆನುವಿನಲ್ಲಿ ಆನ್ ಮಾಡಬೇಕಾಗಬಹುದು. ಫೋಕಸನ್ನು ಲೈವ್ ವ್ಯೂನಲ್ಲಿ 10 ಪಟ್ಟು ಹಿಗ್ಗಿಸಿ, ರೆಪ್ಪೆಗೂದಲು ನೋಡಿ ಮಾಡಿ.

ಹೃದಯ, ನಕ್ಷತ್ರ ಆಕಾರದ ಬಿಲ್ಲೆ ಬೇಕಿದ್ದರೆ ಕಪ್ಪು ಡ್ರಾಯಿಂಗ್ ಶೀಟಿನಲ್ಲಿ ಲೆನ್ಸಿನ ಮೂತಿಯಷ್ಟು ಅಗಲದ ವೃತ್ತ ಕತ್ತರಿಸಿ, ಸರಿಯಾಗಿ ನಡುವಿಗೆ 15 ಮಿ.ಮೀ. ಆಕಾರ ಕೊರೆಯಿರಿ. 28 ಮಿ.ಮೀ. ತೂತಿನ ಲೆನ್ಸಿಗೆ ಈ ಅಳತೆ. 25 ಮಿ.ಮೀ. ಕೊರೆದರೆ ಲೆನ್ಸಿನ ಸ್ವಂತ ದುಂಡು ಅಡ್ಡ ಬಂದು ಆಕಾರ ಕೆಡುತ್ತದೆ, 8 ಮಿ.ಮೀ. ಕೊರೆದರೆ ಬಿಲ್ಲೆಯೂ ಸಣ್ಣದು, ಬೆಳಕೂ ಇಲ್ಲ. 15ಕ್ಕೇ ಸುಮಾರು ಎರಡು ಸ್ಟಾಪ್ ಬೆಳಕು ಹೋಗುತ್ತದೆ, ಅಂದರೆ ಉಳಿಯುವುದು ಸುಮಾರು ಕಾಲು ಪಾಲು. ಶೀಟು ಮುಂದಿನ ಗಾಜಿಗೆ ಹತ್ತಿರ ಇರಬೇಕು, ದೂರವಾದರೆ ಮೂಲೆಯ ಆಕಾರಗಳು ತುಂಡಾಗುತ್ತವೆ. ಮೊದಲು ಫೋಕಸ್ ಮಾಡಿ ಮ್ಯಾನುಯಲ್‌ಗೆ ತಿರುಗಿಸಿ, ಆಮೇಲೆ ಶೀಟ್ ಹಾಕಿ. ಅಪರ್ಚರ್ ಪೂರ್ತಿ ತೆರೆದೇ ಇರಲಿ. 10 ಮಿ.ಮೀ. ತೂತಿನ ಕಿಟ್ ಲೆನ್ಸಿಗೆ ಈ ಕೆಲಸ ಒಗ್ಗುವುದಿಲ್ಲ.

ದೂರದೀಪ

ಕಿಟ್ ಲೆನ್ಸಿಗೆ ಒಗ್ಗುವ ಉಪಾಯ ಬೇರೆ ಇದೆ. ದೀಪವನ್ನು ಹಿಂದೆ ಇಡುವ ಬದಲು ಮುಂದೆ ಇಡಿ. ಬ್ಯಾಟರಿ ಸೆಟ್ಟಿನ ಐದಾರು ದೀಪ ಲೆನ್ಸಿನಿಂದ 20 ಸೆಂ.ಮೀ. ಮುಂದೆ, ಫ್ರೇಮಿನ ಕೆಳಮೂಲೆಯಲ್ಲಿ ತೂಗುಬಿಡಿ. ಮುಖ 1.2 ಮೀಟರ್ ದೂರದಲ್ಲಿದ್ದರೆ ತೂತಿನ ಐದು ಪಟ್ಟು ಬಿಲ್ಲೆ ಬರುತ್ತದೆ: 10 ಮಿ.ಮೀ. ತೂತಿಗೆ 50 ಮಿ.ಮೀ., ಮುಖದ ಅಗಲದ ಮೂರನೇ ಒಂದು ಪಾಲು! ಅಷ್ಟು ಹರಡಿದ ಮೇಲೆ ತೆಳ್ಳಗೆ, ಪಾರದರ್ಶಕವಾಗಿ ಕಾಣುತ್ತವೆ, ಚರ್ಮದ ಮೇಲೆ ಬಣ್ಣದ ಉಸಿರು ಬಿಟ್ಟ ಹಾಗೆ. ಕಣ್ಣಿನ ಮೇಲೆ ಮಾತ್ರ ಬೀಳಲು ಬಿಡಬೇಡಿ. ಆಟೋಫೋಕಸ್ ದೀಪವನ್ನು ಹಿಡಿಯಲು ಹೋಗುತ್ತದೆ, ಹಾಗಾಗಿ ಮೊದಲೇ ಫೋಕಸ್ ಕಟ್ಟಿಹಾಕಿ.

ಹಿಂದೆ ಇನ್ನಷ್ಟು ಬಿಲ್ಲೆ ಬೇಕು, ದೀಪ ಇಲ್ಲ ಅಂದರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ತನ್ನಿ. ಒಂದು ಮೀಟರ್ ತುಂಡನ್ನು ಮುದ್ದೆ ಮಾಡಿ, ಹರಿಯದಂತೆ ಬಿಡಿಸಿ, ರಟ್ಟಿಗೆ ಅಂಟಿಸಿ. ಪೂರ್ತಿ ಚಪ್ಪಟೆ ಮಾಡಬೇಡಿ, ಏಣುಗಳು ಉಳಿಯಬೇಕು. ಪಕ್ಕದಿಂದ ಒಂದು ಟಾರ್ಚ್ ಬಿಟ್ಟರೆ ಒಂದೊಂದು ಏಣೂ ಒಂದೊಂದು ದೀಪ. ಟಾರ್ಚಿಗೆ ಬಣ್ಣದ ಜಿಲೆಟಿನ್ ಹಾಳೆ ಸುತ್ತಿದರೆ ಬಿಲ್ಲೆಗಳೂ ಅದೇ ಬಣ್ಣ. ಟಾರ್ಚಿನ ಬೆಳಕು ಕೂತವರ ಬೆನ್ನಿಗೆ ತಾಗದಂತೆ ನಡುವೆ ರಟ್ಟಿನ ಮರೆ ಇರಲಿ.